ಕೂಲರ್ ಕೊಳ್ಳುವ ಮೊದಲು ವ್ಯಾಟ್ ನೋಡಿ

ಪ್ರೊಸೆಸರ್ ಆರಿಸುವಾಗ ಎಷ್ಟು ಕೋರ್, ಎಷ್ಟು ಗಿಗಾಹರ್ಟ್ಸ್ ಎಂದು ವಿಚಾರಿಸುತ್ತೇವೆ. ಕೂಲರ್ ಆರಿಸಲು ಬೇಕಾದದ್ದು ಬೇರೆ ಅಂಕಿ: ಚಿಪ್ ಪೂರ್ತಿ ದುಡಿಯುವಾಗ ಎಷ್ಟು ವ್ಯಾಟ್ ಎಳೆಯುತ್ತದೆ? ಎಳೆದಷ್ಟೂ ಶಾಖವಾಗಿಯೇ ಹೊರಬೀಳುತ್ತದೆ. ಇಂಟೆಲ್ ಕೋರ್ ಐ9-14900ಕೆ ಮೇಲೆ 125 ವ್ಯಾಟ್ ಎಂದಿದ್ದರೂ ಟರ್ಬೊದಲ್ಲಿ ಅದು 253ಕ್ಕೆ ಏರುತ್ತದೆ. ಎಎಂಡಿ ರೈಜೆನ್ 9 7950ಎಕ್ಸ್‌ನ ಟಿಡಿಪಿ (ಕಂಪನಿ ಸೂಚಿಸುವ ಶಾಖದ ಅಂಕಿ) 170 ವ್ಯಾಟ್, ಎಳೆಯುವುದು 230ರವರೆಗೆ. ಚಿಕ್ಕ ಅಂಕಿ ನಂಬಿ ಕೂಲರ್ ತಂದವರಿಗೆ ವಿಡಿಯೊ ರೆಂಡರ್‌ಗೆ ಹಾಕಿದಾಗಲೇ ತೊಂದರೆ ಗೊತ್ತಾಗುವುದು.

ಹಾಗೆಂದು ದುಬಾರಿ ಚಿಪ್‌ಗೆಲ್ಲ ದೊಡ್ಡ ಕೂಲರ್ ಬೇಕಿಲ್ಲ. ಗೇಮ್ ಆಡುವವರು ಇಷ್ಟಪಡುವ ರೈಜೆನ್ 7 7800ಎಕ್ಸ್3ಡಿ, ಆಟದ ಹೊತ್ತಿನಲ್ಲಿ ಸಾಮಾನ್ಯವಾಗಿ 100 ವ್ಯಾಟ್ ಕೂಡ ಮುಟ್ಟುವುದಿಲ್ಲ. ಅದಕ್ಕೆ ಮೂರು ಫ್ಯಾನಿನ ಲಿಕ್ವಿಡ್ ಕೂಲರ್ ಹಾಕುವುದು ದುಡ್ಡು ದಂಡ.

ಏರ್ ಕೂಲರ್ ಎಂದರೆ ಬರೀ ಲೋಹದ ಗಟ್ಟಿಯಲ್ಲ. ಅದರ ತಾಮ್ರದ ಹೀಟ್ ಪೈಪ್ ಒಳಗೆ ಟೊಳ್ಳು. ಗಾಳಿ ತೆಗೆದು, ಸ್ವಲ್ಪವೇ ನೀರು ಬಿಟ್ಟು ಮುಚ್ಚಿರುತ್ತಾರೆ. ಒತ್ತಡ ಕಡಿಮೆ ಇರುವುದರಿಂದ ಆ ನೀರು ಆವಿಯಾಗಲು ನೂರು ಡಿಗ್ರಿ ಬೇಕಿಲ್ಲ. ಚಿಪ್ಪಿನ ಬಿಸಿಗೆ ಆವಿಯಾಗಿ ಮೇಲಕ್ಕೆ ಹೋಗುತ್ತದೆ, ಅಲ್ಯೂಮಿನಿಯಂ ರೆಕ್ಕೆಗಳ ಹತ್ತಿರ ಶಾಖ ಬಿಟ್ಟು ಮತ್ತೆ ನೀರಾಗುತ್ತದೆ, ಪೈಪಿನ ಒಳಗೋಡೆಯ ಸಣ್ಣ ರಂಧ್ರಗಳ ಪದರ ಅದನ್ನು ಹೀರಿ ಕೆಳಕ್ಕೆ ತರುತ್ತದೆ. ಈ ಓಡಾಟಕ್ಕೆ ಪಂಪ್ ಬೇಡ, ಕರೆಂಟ್ ಬೇಡ. ಇಂಥ ಕೂಲರ್‌ನಲ್ಲಿ ಕೆಡುವುದು ಫ್ಯಾನ್ ಮಾತ್ರ. ಅದನ್ನು ಬದಲಿಸಿದರೆ ಮುಗಿಯಿತು.

ಲಿಕ್ವಿಡ್ ಕೂಲರ್‌ನಲ್ಲಿ ಪಂಪ್ ದ್ರವವನ್ನು ರೇಡಿಯೇಟರ್‌ವರೆಗೆ ದೂಡುತ್ತದೆ. 360 ಮಿಲಿಮೀಟರ್ ರೇಡಿಯೇಟರ್‌ಗೆ 120ರ ಮೂರು ಫ್ಯಾನ್. ಗಂಟೆಗಟ್ಟಲೆ 200 ವ್ಯಾಟ್‌ಗಿಂತ ಹೆಚ್ಚು ಎಳೆಯುವ ಕೆಲಸವಿದ್ದರೆ ನಾನು ಇದನ್ನೇ ಹೇಳುತ್ತೇನೆ. ಅದಕ್ಕಿಂತ ಕೆಳಗೆ ಎರಡು ಗೋಪುರದ ಒಳ್ಳೆಯ ಏರ್ ಕೂಲರ್ ಸಾಕು. ಪಂಪ್ ಸವೆಯುತ್ತದೆ, ದ್ರವವೂ ವರ್ಷಗಳು ಕಳೆದಂತೆ ಕೊಳವೆಯ ಮೂಲಕ ಸ್ವಲ್ಪಸ್ವಲ್ಪವೇ ಇಂಗುತ್ತದೆ. ರೇಡಿಯೇಟರನ್ನು ಕ್ಯಾಬಿನೆಟ್ಟಿನ ಮೇಲ್ಭಾಗದಲ್ಲಿ ಕೂರಿಸಿ. ಒಳಗಿನ ಗಾಳಿಗುಳ್ಳೆ ಎತ್ತರದ ಜಾಗಕ್ಕೆ ಸೇರುತ್ತದೆ. ಆ ಜಾಗ ಪಂಪ್ ಆಗಿಬಿಟ್ಟರೆ ಗುರಗುರ ಸದ್ದು, ಬೇಗ ಸವೆತ.

ಯಾವ ಕೂಲರ್ ಕೂಡ ಚಿಪ್ಪನ್ನು ಕೋಣೆಗಿಂತ ತಂಪು ಮಾಡಲಾರದು. 22 ಡಿಗ್ರಿಯ ಕೋಣೆಯಲ್ಲಿ ನಡೆಸಿದ ಪರೀಕ್ಷೆಯಲ್ಲಿ ಚಿಪ್ 75 ಡಿಗ್ರಿ ತೋರಿಸಿತು ಅನ್ನಿ. ಮೇ ತಿಂಗಳ ರಾಯಚೂರಿನ 38 ಡಿಗ್ರಿ ಕೋಣೆಯಲ್ಲಿ ಅದೇ ಕೂಲರ್, ಅದೇ ಕೆಲಸ: ಸುಮಾರು 91. ಹಾಗಾಗಿ ವಿಮರ್ಶೆಗಳಲ್ಲಿ ಕೋಣೆಗಿಂತ ಎಷ್ಟು ಡಿಗ್ರಿ ಹೆಚ್ಚು ಎಂಬುದನ್ನೇ ನೋಡಿ.

7950ಎಕ್ಸ್ ಇಟ್ಟುಕೊಂಡವರು 95 ಡಿಗ್ರಿ ಕಂಡು ಗಾಬರಿಯಾಗಬೇಕಿಲ್ಲ. ಎಲ್ಲ ಕೋರ್‌ಗಳೂ ದುಡಿಯುವಾಗ ಆ ಮಟ್ಟ ಮುಟ್ಟಿ, ಅಲ್ಲೇ ನಿಂತು ಸಾಧ್ಯವಾದಷ್ಟು ವೇಗ ಪಡೆಯುವಂತೆಯೇ ಅದನ್ನು ರೂಪಿಸಿದ್ದಾರೆ. ಕೋರ್‌ಗಳಿರುವ ಎರಡು ತುಣುಕುಗಳು ತಲಾ ಸುಮಾರು 70 ಚದರ ಮಿಲಿಮೀಟರ್; ಅಷ್ಟು ಸಣ್ಣ ಜಾಗದಿಂದ ಶಾಖ ಹೊರತೆಗೆಯುವುದೇ ಕಷ್ಟ. ಇಲ್ಲಿ ದುಬಾರಿ ಕೂಲರ್ ಹಾಕಿದರೂ ಡಿಗ್ರಿ ಅಷ್ಟೇ ಇದ್ದು ವೇಗ ಮಾತ್ರ ಕೊಂಚ ಏರಬಹುದು. ಖರ್ಚಿಲ್ಲದ ದಾರಿ ಬಯಾಸ್‌ನಲ್ಲೇ ಇದೆ: 105 ವ್ಯಾಟ್ ಇಕೋ ಮೋಡ್ ಹಾಕಿದರೆ ವಿದ್ಯುತ್ ಮಿತಿ 230ರಿಂದ 142ಕ್ಕೆ ಇಳಿಯುತ್ತದೆ, ವೇಗ ಅದರಷ್ಟು ಇಳಿಯುವುದಿಲ್ಲ. ಇಂಟೆಲ್‌ನವರು ಪಿಎಲ್1, ಪಿಎಲ್2 ಎಂಬ ವಿದ್ಯುತ್ ಮಿತಿಗಳನ್ನು ನೋಡಿಕೊಳ್ಳಿ; ಕೆಲವು ಮದರ್‌ಬೋರ್ಡ್‌ಗಳಲ್ಲಿ ಅವು ಸಡಿಲವಾಗಿಯೇ ಬಂದಿರುತ್ತವೆ. ಕೂಲರ್‌ಗೆ ದುಡ್ಡು ಹಾಕುವ ಮೊದಲು ಇದನ್ನು ಮಾಡಿ ನೋಡಿ.

ಇನ್ನು ಅಳತೆ. ನಾಕ್ಟುವಾ ಎನ್‌ಎಚ್-ಡಿ15ರ ಎತ್ತರ 165 ಮಿಲಿಮೀಟರ್. ನಿಮ್ಮ ಕ್ಯಾಬಿನೆಟ್ಟಿನಲ್ಲಿ ಅಷ್ಟು ಜಾಗವಿದೆಯೇ, ರ‍್ಯಾಮ್ ಫ್ಯಾನಿಗೆ ತಾಗುತ್ತದೆಯೇ ಎಂದು ಮೊದಲೇ ನೋಡಿ. ಜೋಡಿಸುವಾಗ ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ಕಿತ್ತು ತೆಗೆಯಲು ಮರೆಯಬೇಡಿ. ಆಮೇಲೆ ಥರ್ಮಲ್ ಪೇಸ್ಟ್ ಹಾಕಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ.