ಅಂಗಸಾಧನೆಯೂ ವಿದ್ಯಾರ್ಥಿಯ ಏಳಿಗೆಯೂ

ವ್ಯಾಯಾಮದ ಗಂಟೆ ಬಾರಿಸಿದೊಡನೆ ಮಕ್ಕಳೆಲ್ಲರೂ ಬಯಲಿಗೆ ಓಡುವರೆಂದು ಹಿರಿಯರು ನಂಬಿರುವುದುಂಟು. ಎಲ್ಲರೂ ಓಡುವುದಿಲ್ಲ. ಪ್ರತಿಯೊಂದು ತರಗತಿಯಲ್ಲಿಯೂ ನಾಲ್ಕಾರು ಮಂದಿ, ತಲೆನೋವೆಂದೋ ಕಾಲು ಉಳುಕಿದೆಯೆಂದೋ ಹೇಳಿ, ಮರದ ನೆರಳಿನಲ್ಲಿ ಕುಳಿತುಬಿಡುವರು. ಬಾಲ್ಯದಲ್ಲಿ ನಾನೂ ಅಂತಹವರಲ್ಲಿ ಒಬ್ಬನಾಗಿದ್ದೆನು. ನಮ್ಮ ಡ್ರಿಲ್ ಮೇಷ್ಟರು ಹುಡುಗರನ್ನು ಎತ್ತರದ ಮೇರೆಗೆ ಸಾಲಾಗಿ ನಿಲ್ಲಿಸುತ್ತಿದ್ದರು. ಸಾಲಿನ ಕೊನೆಯಲ್ಲಿದ್ದ ನನ್ನ ಕೈಗೆ ಚೆಂಡು ಬರುವಷ್ಟರಲ್ಲಿ ಗಂಟೆ ಮುಗಿದುಹೋಗುತ್ತಿತ್ತು. “ನಿನ್ನ ಮೈ ಇದಕ್ಕೆ ಆಗಿಬಂದದ್ದಲ್ಲವಪ್ಪಾ” ಎಂದು ಅವರು ಒಮ್ಮೆ ಕನಿಕರದಿಂದಲೇ ಅಂದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಕನಿಕರದ ಮಾತಾದುದರಿಂದ ಬಹುಕಾಲ ಅದನ್ನು ನಂಬಿದೆನು. ಅಂಗಸಾಧನೆಯಲ್ಲಿ ಒಬ್ಬ ವಿದ್ಯಾರ್ಥಿ ಮುಂದೆ ಬರುವುದಕ್ಕೂ ಮತ್ತೊಬ್ಬನು ಹಿಂದೆ ಬೀಳುವುದಕ್ಕೂ ಮೈಕಟ್ಟೊಂದೇ ಕಾರಣವೇ ಎಂಬುದನ್ನು ಈ ಹೊತ್ತು ತಮ್ಮೊಡನೆ ಕೊಂಚ ವಿಚಾರಮಾಡಬೇಕೆಂದಿದ್ದೇನೆ.

ಮೈಕಟ್ಟೆಂದು ನಾವು ಕರೆಯುವುದು ಅನೇಕ ವೇಳೆ ಕೇವಲ ಹುಟ್ಟಿದ ತಿಂಗಳಾಗಿರುತ್ತದೆ. ಶಾಲೆಗೆ ಸೇರಿಸಿಕೊಳ್ಳಲು ಒಂದು ಗಡುವಿನ ದಿನವನ್ನು ಗೊತ್ತುಮಾಡಿರುವರಷ್ಟೆ. ಅದರಿಂದ ಒಂದೇ ತರಗತಿಯ ಇಬ್ಬರು ಹುಡುಗರಲ್ಲಿ ಹನ್ನೊಂದು ತಿಂಗಳ ಅಂತರವಿರಬಹುದು. ಎಂಟು ವರ್ಷದ ಮಗುವಿಗೆ ಹನ್ನೊಂದು ತಿಂಗಳೆಂದರೆ ಆಯುಸ್ಸಿನಲ್ಲಿ ಹೆಚ್ಚುಕಡಮೆ ಒಂಬತ್ತನೆಯ ಒಂದು ಪಾಲು. ಕೆನಡಾ ದೇಶದಲ್ಲಿ ಐಸ್ ಹಾಕಿ ಆಟಕ್ಕೆ ಜನವರಿ 1 ಗಡುವಿನ ದಿನ. ಅಲ್ಲಿಯ ಹೆಸರಾಂತ ಆಟಗಾರರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚೆಂಬುದನ್ನು ರೋಜರ್ ಬಾರ್ನ್‌ಸ್ಲಿ ಎಂಬವರು 1980ರ ದಶಕದಲ್ಲಿ ಎಣಿಸಿ ತೋರಿಸಿದರು. ಇದರಲ್ಲಿ ಜ್ಯೋತಿಷ್ಯವೇನೂ ಇಲ್ಲ. ಕೆಲವು ತಿಂಗಳು ಹಿರಿಯನಾದ ಹುಡುಗನು ಕೊಂಚ ಎತ್ತರವಾಗಿರುವನು. ಅದನ್ನು ಶಿಕ್ಷಕನು ಪ್ರತಿಭೆಯೆಂದು ಭ್ರಮಿಸಿ ಅವನನ್ನು ತಂಡಕ್ಕೆ ಆರಿಸುವನು. ತಂಡಕ್ಕೆ ಸೇರಿದವನಿಗೆ ಹೆಚ್ಚು ಅಭ್ಯಾಸ, ಹೆಚ್ಚು ಪ್ರೋತ್ಸಾಹ ದೊರೆಯುವುದು. ಕಡೆಗೆ ಭ್ರಮೆಯೇ ನಿಜವಾಗಿ ಪರಿಣಮಿಸುವುದು. ಹದಿಹರೆಯದಲ್ಲಂತೂ ಒಬ್ಬನು ಹನ್ನೆರಡಕ್ಕೆ ಬೆಳೆದರೆ ಇನ್ನೊಬ್ಬನು ಹದಿನೈದಾದರೂ ಬೆಳೆಯದಿರಬಹುದು. ಎತ್ತರದ ಸಾಲು ಆ ವಯಸ್ಸಿನಲ್ಲಿ ಯಾವ ಸತ್ಯವನ್ನೂ ಹೇಳಲಾರದು.

ಈ ವಿಷಯವನ್ನು ಸ್ವಾನುಭವದಿಂದ ತಿಳಿದಿದ್ದ ಮಹಾನುಭಾವನೊಬ್ಬನು ಜಪಾನಿನಲ್ಲಿದ್ದನು. ಜೂಡೋ ವಿದ್ಯೆಯ ಸ್ಥಾಪಕನಾದ ಕಾನೋ ಜಿಗೊರೊ 1860ರಲ್ಲಿ ಹುಟ್ಟಿದವನು. ಓದಿನಲ್ಲಿ ಚುರುಕಾಗಿದ್ದರೂ ಆಳು ಗಿಡ್ಡನೂ ಕೃಶನೂ ಆಗಿದ್ದುದರಿಂದ ಶಾಲೆಯಲ್ಲಿ ದೊಡ್ಡ ಹುಡುಗರ ಕಾಟವನ್ನು ಸಹಿಸಬೇಕಾಗಿತ್ತು. ಅದರಿಂದಲೇ ಆತನು ಜುಜುತ್ಸು ಎಂಬ ಹಳೆಯ ಮಲ್ಲವಿದ್ಯೆಯ ಗುರುಗಳನ್ನು ಹುಡುಕಿಕೊಂಡು ಹೋದನು. 1882ರಲ್ಲಿ ಟೋಕಿಯೋ ನಗರದ ಒಂದು ಬೌದ್ಧ ದೇವಾಲಯದಲ್ಲಿ, 12 ಚಾಪೆಗಳಷ್ಟು ಜಾಗದಲ್ಲಿ, ಬೆರಳೆಣಿಕೆಯ ಶಿಷ್ಯರೊಡನೆ ತನ್ನದೇ ಆದ ಕೊಡೋಕಾನ್ ಶಾಲೆಯನ್ನು ಆರಂಭಿಸಿದನು. ಅನಂತರ ಉಪಾಧ್ಯಾಯರನ್ನು ತಯಾರುಮಾಡುವ ಟೋಕಿಯೋ ಉನ್ನತ ನಾರ್ಮಲ್ ಶಾಲೆಗೆ ಬಹುವರ್ಷಗಳ ಕಾಲ ಮುಖ್ಯಸ್ಥನಾಗಿದ್ದನು. ಜಟ್ಟಿಯ ಪಟ್ಟುಗಳನ್ನು ಬಲ್ಲವನು ಮೇಷ್ಟರೂ ಆಗಿದ್ದನೆಂಬುದೇ ಇಲ್ಲಿ ಮುಖ್ಯವಾದ ಸಂಗತಿ.

ಮೇಷ್ಟರ ಬುದ್ಧಿ ಎಲ್ಲಿ ಕೆಲಸಮಾಡಿತೆಂಬುದನ್ನು ನೋಡಿ. ಅಪಾಯಕರವಾದ ಪಟ್ಟುಗಳನ್ನು ಬಿಡುಸೆಣಸಾಟದಿಂದ ತೆಗೆದು, ಅವುಗಳನ್ನು ಕ್ರಮಬದ್ಧವಾದ ಪ್ರದರ್ಶನಾಭ್ಯಾಸಕ್ಕೆ ಮಾತ್ರ ಇಟ್ಟನು. ಇದರಿಂದ ಹುಡುಗರು ಮೈ ಮುರಿದುಕೊಳ್ಳದೆ ಪೂರ್ಣಬಲದಿಂದ ಸೆಣಸುವುದು ಸಾಧ್ಯವಾಯಿತು. ಗೋ ಎಂಬ ಜಪಾನೀ ಮಣೆಯಾಟದಲ್ಲಿದ್ದ “ದಾನ್” ಎಂಬ ದರ್ಜೆಗಳನ್ನು ತಂದು, ಕಲಿಯುವವನು ಮೆಟ್ಟಿಲು ಮೆಟ್ಟಿಲಾಗಿ ಏರುವಂತೆ ಮಾಡಿದನು. ಎಲ್ಲಕ್ಕಿಂತ ಮೊದಲು ಬೀಳುವುದನ್ನು ಕಲಿಸಿದನು. ಜಪಾನಿನವರು ಇದನ್ನು ಉಕೆಮಿ ಎನ್ನುವರು. ಗಲ್ಲವನ್ನು ಎದೆಗೆ ಒತ್ತಿ, ಬೆನ್ನನ್ನು ದುಂಡಗೆ ಬಾಗಿಸಿ, ತೋಳಿನಿಂದ ಚಾಪೆಯನ್ನು ಹೊಡೆದು, ಬಿದ್ದ ಪೆಟ್ಟನ್ನು ಮೈಯೆಲ್ಲಕ್ಕೂ ಹಂಚುವ ಯುಕ್ತಿ ಅದು. ಹುಡುಗನು ಅಂಗಸಾಧನೆಯಿಂದ ಹಿಂಜರಿಯುವುದು ಸೋಮಾರಿತನದಿಂದಲ್ಲ, ಬಹುಪಾಲು ಭಯದಿಂದ. ಬೀಳುವ ಭಯ ಹೋದವನು ಹೊಸ ಪಟ್ಟನ್ನು ಧೈರ್ಯವಾಗಿ ಪ್ರಯತ್ನಿಸುವನು. ಪ್ರಯತ್ನಿಸಿದವನಿಗಲ್ಲವೆ ಪಟ್ಟು ಒಲಿಯುವುದು?

ಆದರೆ ವಿದ್ಯೆ ಒಳ್ಳೆಯದಾದರೆ ಸಾಲದು. ಈ ಮಾತಿಗೆ ಜಪಾನೇ ದುಃಖಕರವಾದ ಸಾಕ್ಷಿಯನ್ನು ಒದಗಿಸಿದೆ. 1983ರಿಂದ ಮುಂದಿನ ಸುಮಾರು ಮೂವತ್ತು ವರ್ಷಗಳಲ್ಲಿ ಆ ದೇಶದ ಶಾಲೆಗಳ ಜೂಡೋ ಅಭ್ಯಾಸದಲ್ಲಿ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರೆಂಬುದನ್ನು ಉಚಿದಾ ರ್ಯೋ ಎಂಬ ಸಮಾಜಶಾಸ್ತ್ರಜ್ಞರು ದಾಖಲೆಗಳಿಂದ ಹೊರಗೆಡಹಿದರು. ಸತ್ತವರಲ್ಲಿ ಹೆಚ್ಚಿನವರು ಶಾಲೆಯ ತಂಡಕ್ಕೆ ಹೊಸದಾಗಿ ಸೇರಿದ ಮೊದಲ ವರ್ಷದ ಮಕ್ಕಳು. ಹಿಂದಕ್ಕೆ ಕೆಡವುವ ಪಟ್ಟಿನಲ್ಲಿ ತಲೆ ರಭಸದಿಂದ ತೂಗಿದಾಗ ಮೆದುಳಿನ ಮೇಲಣ ಸಣ್ಣ ರಕ್ತನಾಳಗಳು ಹರಿಯಬಹುದು; ಇದಕ್ಕೆ ತಲೆ ನೆಲಕ್ಕೆ ಬಡಿಯಲೇಬೇಕೆಂದೂ ಇಲ್ಲ. ಉಕೆಮಿ ಇನ್ನೂ ಮೈಗೂಡದ ಮಗುವನ್ನು ಬಲಿತ ಹುಡುಗನ ಕೈಗೆ ಒಪ್ಪಿಸಿದುದು, ತಲೆ ನೋಯುತ್ತಿದೆಯೆಂದವನನ್ನು ಹೇಡಿಯೆಂದು ಜರೆದು ಮತ್ತೆ ಎಬ್ಬಿಸಿ ನಿಲ್ಲಿಸಿದುದು, ಇವು ವಿದ್ಯೆಯ ದೋಷಗಳಲ್ಲ, ಕಲಿಸಿದ ರೀತಿಯ ದೋಷಗಳು. 2012ರ ಏಪ್ರಿಲಿನಲ್ಲಿ ಅಲ್ಲಿಯ ಸರಕಾರವು ಮಾಧ್ಯಮಿಕ ಶಾಲೆಯ ಮೊದಲೆರಡು ತರಗತಿಗಳ ಬಾಲಕ ಬಾಲಕಿಯರಿಗೆಲ್ಲ ಯುದ್ಧಕಲೆಯನ್ನು ಕಡ್ಡಾಯಮಾಡಿದಾಗ ತಾಯಿತಂದೆಗಳು ಕಳವಳಗೊಂಡುದು ಸಹಜವೇ. ಮಕ್ಕಳನ್ನು ಕಳೆದುಕೊಂಡ ಕುಟುಂಬಗಳು ಕೂಗೆಬ್ಬಿಸಿದ ಮೇಲೆಯೇ ಸುರಕ್ಷತೆಯ ಸೂಚನೆಗಳು ಬಿಗಿಯಾದುವು.

ನಮ್ಮ ನಾಡಿನಲ್ಲಿ ಈ ವಿವೇಕ ಇರಲಿಲ್ಲವೆಂದು ತಿಳಿಯಬಾರದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಪ್ರಕರಣವುಂಟು. ಅಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲರೆಂದು ವಿಂಗಡಿಸಿ, ಎಳೆಯರ ತರಬೇತನ್ನು ಬೇರೆಯಾಗಿಯೇ ಹೇಳಿದೆ. ಭಾರ ಎತ್ತುವ ಭಾರಶ್ರಮ, ನಡೆದಾಡುವ ಭ್ರಮಣಶ್ರಮ, ಈಜುವ ಸಲಿಲಶ್ರಮ, ಕಂಬದ ಮೇಲಣ ಸ್ತಂಭಶ್ರಮ, ಹೀಗೆ ಸಾಧನೆಗಳೂ ಬಗೆಬಗೆಯಾಗಿವೆ. ಒಬ್ಬನಿಗೆ ಒಪ್ಪದ ಸಾಧನೆ ಇನ್ನೊಬ್ಬನಿಗೆ ಒಪ್ಪಬಹುದೆಂಬ ಅರಿವು ಆ ವಿಂಗಡಣೆಯಲ್ಲಿ ಅಡಗಿದೆಯೆಂದು ನನ್ನ ಭಾವನೆ. ಅರುವತ್ತು ಮಕ್ಕಳಿಗೆ ಒಂದೇ ಚೆಂಡು, ಒಬ್ಬನೇ ಮೇಷ್ಟರು ಎನ್ನುವ ನಮ್ಮ ಪದ್ಧತಿ ಯಾವ ಶಾಸ್ತ್ರದಿಂದ ಬಂದಿತೋ ನಾನರಿಯೆ.

ಇನ್ನು ಮನಸ್ಸಿನ ಮಾತು. ಗೆಲುವೆಂದರೇನೆಂದು ಮಕ್ಕಳು ಎರಡು ವಿಧವಾಗಿ ತಿಳಿಯುವರೆಂದು 1980ರ ದಶಕದಲ್ಲಿ ಜಾನ್ ನಿಕೋಲ್ಸ್ ಎಂಬ ಮನಶ್ಶಾಸ್ತ್ರಜ್ಞರು ವಿವರಿಸಿದರು. ನೆರೆಯವನನ್ನು ಮೀರಿಸುವುದೇ ಗೆಲುವೆನ್ನುವುದು ಒಂದು; ನಿನ್ನೆ ಆಗದುದು ಇಂದು ಆದುದೇ ಗೆಲುವೆನ್ನುವುದು ಮತ್ತೊಂದು. ಮೊದಲನೆಯದನ್ನೇ ನಂಬಿದ ಹುಡುಗನು ಗೆಲ್ಲುತ್ತಿರುವವರೆಗೆ ಉತ್ಸಾಹದಿಂದಿರುವನು. ತನಗಿಂತ ಬಲ್ಲವನು ಎದುರಾದೊಡನೆ ಅವನ ಕಾಲೂ ಉಳುಕುವುದು! ಯಾವ ತಿಳಿವಳಿಕೆ ಮಗುವಿನಲ್ಲಿ ಬೇರೂರುವುದೆಂಬುದು ಮೇಷ್ಟರ ನಡತೆಯನ್ನು ಬಹುಮಟ್ಟಿಗೆ ಅವಲಂಬಿಸಿದೆ. ತಂಡ ಕಟ್ಟಿಕೊಳ್ಳಿರೆಂದು ಇಬ್ಬರು ನಾಯಕರಿಗೆ ಬಿಟ್ಟುಕೊಟ್ಟು, ಕಡೆಯಲ್ಲಿ ಉಳಿದ ಒಬ್ಬ ಹುಡುಗನು ಎಲ್ಲರೆದುರಿಗೆ ನಿಲ್ಲುವ ಪದ್ಧತಿಯನ್ನು ನಿಲ್ಲಿಸಿದರೆ ಒಂದು ಕಾಸೂ ಖರ್ಚಾಗದು. ಸಮತೂಕದ, ಸಮ ಅನುಭವದ ಮಕ್ಕಳನ್ನು ಜೊತೆಗೂಡಿಸುವುದಕ್ಕೂ, ಉದ್ದನೆಯ ಸಾಲನ್ನು ಒಡೆದು ನಾಲ್ಕೈದು ಗುಂಪುಗಳನ್ನಾಗಿ ಮಾಡುವುದಕ್ಕೂ ಖರ್ಚಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಒಂದು ಮಾತನ್ನು ಸೇರಿಸಬೇಕು: ಉಡುಪು ಬದಲಿಸಲು ಮರೆಯಿಲ್ಲದ ಶಾಲೆಯಲ್ಲಿ ಅವರಿಗೆ ಆಸಕ್ತಿಯಿಲ್ಲವೆಂದು ದೂರುವುದು ನ್ಯಾಯವಲ್ಲ.

ಕಾಲೇಜಿಗೆ ಸೇರಿದ ಮೇಲೆ ಗೆಳೆಯನೊಬ್ಬನು ನನ್ನನ್ನು ಬಲವಂತದಿಂದ ಒಂದು ಗರಡಿಗೆ ಕರೆದೊಯ್ದನು. ತಗ್ಗು ಬಾಗಿಲು, ತಲೆ ಬಗ್ಗಿಸಿ ಒಳಹೊಕ್ಕೆವು. ವಯಸ್ಸಾದ ಉಸ್ತಾದರು ನನ್ನ ತೋಳುಗಳನ್ನು ನೋಡಿ ನಗುವರೆಂದು ಹೆದರಿದ್ದೆನು. ಅವರು ನಗಲಿಲ್ಲ, ನನ್ನ ಮೈಯನ್ನು ಕುರಿತು ಒಂದು ಮಾತನ್ನೂ ಆಡಲಿಲ್ಲ. ಗುದ್ದಲಿಯೊಂದನ್ನು ಕೈಗೆ ಕೊಟ್ಟು, “ಮಟ್ಟಿ ಅಗೀರಿ ಸ್ವಾಮಿ, ಆ ಮೂಲೆಯಿಂದ ಈ ಮೂಲೆವರೆಗೆ” ಎಂದರು. ಮೊದಲ ದಿನ ಅರ್ಧಕ್ಕೆ ನಿಂತೆನು. ಉಳಿದರ್ಧವನ್ನು ಪಳಗಿದ ಪೈಲ್ವಾನರೊಬ್ಬರು ತಾವಾಗಿಯೇ ಅಗೆದು ಮುಗಿಸಿದರು. ಮೂರು ವಾರಗಳಾದ ಮೇಲೆ ಒಂದು ಬೆಳಗ್ಗೆ, ಕೆಂಪು ಮಣ್ಣು ಅಂಟಿದ ಕೈಗಳನ್ನು ಒರಸಿಕೊಂಡು ಹಿಂದಿರುಗಿ ನೋಡಿದರೆ, ಆ ಮೂಲೆಯಿಂದ ಈ ಮೂಲೆಯವರೆಗೆ ಮಟ್ಟಿಯೆಲ್ಲವನ್ನೂ ನಾನೊಬ್ಬನೇ ಅಗೆದಿದ್ದೆನು. ಉಸ್ತಾದರು ಕಣ್ಣಿನಲ್ಲೇ ಅಳೆದು, “ಇನ್ನು ಬಸ್ಕಿ ಹೊಡೀರಿ” ಎಂದರು.