ಗೇಟಿನ ಲೈಟು ನೆಲ ನೋಡಲಿ

ಇವತ್ತಿನ ಮಾತು ಲೈಟಿನ ಬಗ್ಗೆ. ಕರೆಂಟ್ ಬಿಲ್ ವಿಷಯ ಅಲ್ಲ, ಹೊರಗಿನ ಲೈಟು ಯಾವ ಕಡೆ ಮುಖ ಮಾಡಿರಬೇಕು ಅನ್ನೋ ನಿಯಮದ ವಿಷಯ.

ದೀಪಾವಳಿ ಆದ ಮೇಲೆ ತಿಪಟೂರಿಂದ ಅಪ್ಪ ಪುಣೆಗೆ ಬಂದಿದ್ರು. ರಾತ್ರಿ ಊಟ ಮಾಡಿ ಒಂದು ಸುತ್ತು ನಡೆಯೋದು ಅವರ ಅಭ್ಯಾಸ. ನಮ್ಮ ಸೊಸೈಟಿ ಗೇಟಿನ ಮೇಲೆ ಹೊಸದಾಗಿ ಹಾಕಿದ್ದ ಎಲ್‌ಇಡಿ ಫ್ಲಡ್ ಲೈಟು ನೇರ ರಸ್ತೆಗೇ ಮುಖ ಮಾಡಿತ್ತು. ವಾಪಸ್ ಬರುವಾಗ ಗೇಟಿನ ಮುಂದಿನ ಮೆಟ್ಟಿಲು ಅವರಿಗೆ ಕಾಣಲೇ ಇಲ್ಲ. ಎಡವಿ ಬಿದ್ದರು. ಮೊಣಕಾಲು ತರಚಿತು, ಪುಣ್ಯಕ್ಕೆ ಮೂಳೆಗೆ ಏನೂ ಆಗಲಿಲ್ಲ. "ಕತ್ತಲಾಗಿದ್ದರೆ ನೋಡ್ಕೊಂಡು ನಡೀತಿದ್ದೆ ಕಣೋ, ಈ ಬೆಳಕಲ್ಲೇ ಏನೂ ಕಾಣ್ಲಿಲ್ಲ" ಅಂದರು.

ಅವರು ಹೇಳಿದ್ದು ಸರಿ. ಲೈಟು ನೇರ ಕಣ್ಣಿಗೆ ಹೊಡೆದಾಗ ಆ ಬೆಳಕು ಕಣ್ಣೊಳಗೇ ಚದುರಿ, ನೋಡೋ ದೃಶ್ಯದ ಮೇಲೆ ತೆಳು ಪರದೆ ಎಳೆದ ಹಾಗೆ ಆಗುತ್ತೆ. ವಯಸ್ಸಾದಂತೆ ಕಣ್ಣಿನ ಮಸೂರ ಮಬ್ಬಾಗೋದರಿಂದ ಈ ತೊಂದರೆ ಜಾಸ್ತಿ. ಎದುರಿನ ಕಾರು ಹೈ ಬೀಮ್ ಹಾಕಿದಾಗ ರಸ್ತೆ ಗುಂಡಿ ಕಾಣೋದಿಲ್ಲ ಅಲ್ವಾ, ಅದೇ ಕಥೆ.

ನೆಲಕ್ಕೆ ಬೀಳದ ಬೆಳಕು ಇನ್ನೊಂದು ಕೆಲಸಾನೂ ಮಾಡುತ್ತೆ. ಮೇಲಕ್ಕೆ ಹೋಗಿ, ಗಾಳಿ ಮತ್ತು ಧೂಳಿಗೆ ತಾಗಿ ಚದುರಿ, ನಕ್ಷತ್ರಗಳನ್ನ ಮರೆಮಾಡುತ್ತೆ. ನೀಲಿ ಅಂಶ ಹೆಚ್ಚಿರೋ ಬಿಳಿ ಬೆಳಕು ಗಾಳಿಯಲ್ಲಿ ಇನ್ನೂ ಜಾಸ್ತಿ ಚದುರುತ್ತೆ. ಅಂದರೆ ಅಪ್ಪ ಬಿದ್ದಿದ್ದಕ್ಕೂ ಪುಣೆ ಆಕಾಶ ಬೂದು ಬಣ್ಣಕ್ಕೆ ತಿರುಗಿದ್ದಕ್ಕೂ ಕಾರಣ ಒಂದೇ.

ಶಬ್ದಕ್ಕೆ ನಮ್ಮಲ್ಲಿ 2000ನೇ ಇಸವಿಯ ನಿಯಮಗಳಿವೆ. ಬೆಳಕಿಗೆ ಅಂಥ ಪ್ರತ್ಯೇಕ ಕೇಂದ್ರ ಕಾನೂನು ಇಲ್ಲ. ಹಾಗಾಗಿ ಸ್ಥಳೀಯ ನಿಯಮಗಳೇ ಮುಖ್ಯ. ಪ್ರಪಂಚದಲ್ಲೂ ಇದು ಶುರುವಾಗಿದ್ದು ಊರಿನ ಮಟ್ಟದಲ್ಲೇ. ಅಮೆರಿಕದ ಅರಿಜೋನಾದ ಫ್ಲಾಗ್‌ಸ್ಟಾಫ್ ಅನ್ನೋ ಊರು 1958ರಲ್ಲಿ, ಅಲ್ಲಿನ ವೀಕ್ಷಣಾಲಯಕ್ಕೆ ತೊಂದರೆ ಆಗಬಾರದು ಅಂತ, ಜಾಹೀರಾತಿಗೆ ಆಕಾಶಕ್ಕೆ ಬಿಡೋ ಸರ್ಚ್‌ಲೈಟುಗಳನ್ನ ನಿಷೇಧಿಸಿತು.

ನಮ್ಮ ದೇಶದ ದೊಡ್ಡ ಉದಾಹರಣೆ ಲಡಾಖಿನ ಹಾನ್ಲೆ. ಸುಮಾರು 4,500 ಮೀಟರ್ ಎತ್ತರದಲ್ಲಿ ಅಲ್ಲಿರೋ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನ ನಡೆಸೋದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ನಮ್ಮ ಹೊಸಕೋಟೆಯಲ್ಲಿ ಕೂತು, ಉಪಗ್ರಹ ಸಂಪರ್ಕದ ಮೂಲಕ! ನಾವು ಸರ್ವರ್‌ಗೆ ರಿಮೋಟ್ ಲಾಗಿನ್ ಆಗ್ತೀವಲ್ಲ, ಹಾಗೇ. 2022ರ ಡಿಸೆಂಬರಿನಲ್ಲಿ ವೀಕ್ಷಣಾಲಯದ ಸುತ್ತಲಿನ ಸಾವಿರಕ್ಕೂ ಹೆಚ್ಚು ಚದರ ಕಿಲೋಮೀಟರ್ ಜಾಗವನ್ನ ಡಾರ್ಕ್ ಸ್ಕೈ ರಿಸರ್ವ್ ಅಂತ ಘೋಷಿಸಿದರು. ದೀಪಗಳಿಗೆ ಮರೆ, ಕಿಟಕಿಗೆ ದಪ್ಪ ಪರದೆ, ವಾಹನಗಳ ಹೈ ಬೀಮ್‌ಗೆ ಕಡಿವಾಣ. ಹಳ್ಳಿಯವರಿಗೇ ತರಬೇತಿ ಮತ್ತು ದೂರದರ್ಶಕ ಕೊಟ್ಟರು. ಈಗ ಪ್ರವಾಸಿಗಳಿಗೆ ಆಕಾಶ ತೋರಿಸೋದೂ ಅವರಿಗೆ ಒಂದು ಸಂಪಾದನೆ.

"ಅದು ಜನ ಕಡಿಮೆ ಇರೋ ಜಾಗ ಬಿಡಿ" ಅಂತೀರಾ? ಮಹಾರಾಷ್ಟ್ರಕ್ಕೇ ಬನ್ನಿ. ನಾಗಪುರದ ಕಡೆಯ ಪೆಂಚ್ ಹುಲಿ ಮೀಸಲು ಪ್ರದೇಶಕ್ಕೆ 2024ರಲ್ಲಿ ಭಾರತದ ಮೊದಲ ಡಾರ್ಕ್ ಸ್ಕೈ ಪಾರ್ಕ್ ಅನ್ನೋ ಮನ್ನಣೆ ಸಿಕ್ಕಿತು. ಅದಕ್ಕಾಗಿ ಸುತ್ತಲಿನ ಹಳ್ಳಿಗಳ ನೂರಕ್ಕೂ ಹೆಚ್ಚು ದೀಪಗಳನ್ನ ಬದಲಾಯಿಸಿದರು. ಗಮನಿಸಿ, ಆರಿಸಲಿಲ್ಲ. ನೆಲದ ಕಡೆ ಮುಖ ಮಾಡಿರೋ ದೀಪ ಹಾಕಿದರು.

ಇಂಥ ನಿಯಮಗಳ ಸಾರ ಇಷ್ಟೇ:

ಒಂದು, ಲೈಟಿಗೆ ಮೇಲಿಂದ ಮರೆ ಇರಲಿ, ಬೆಳಕು ಕೆಳಗೇ ಬೀಳಲಿ.
ಎರಡು, ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಬೆಳಕು.
ಮೂರು, ಬಣ್ಣ 3000 ಕೆಲ್ವಿನ್ ಅಥವಾ ಅದಕ್ಕಿಂತ ಕಡಿಮೆ. ಬಲ್ಬಿನ ಡಬ್ಬದ ಮೇಲೆ 'ವಾರ್ಮ್ ವೈಟ್' ಅಂತ ಇರುತ್ತೆ. 6500 ಅಂತಿದ್ದರೆ ಅದು ನೀಲಿ ಜಾಸ್ತಿ ಇರೋ ಬಿಳಿ.
ನಾಲ್ಕು, ಟೈಮರ್ ಅಥವಾ ಮೋಷನ್ ಸೆನ್ಸರ್.

ಇದನ್ನೆಲ್ಲ ಸೊಸೈಟಿ ಮೀಟಿಂಗಲ್ಲಿ ಹೇಳಿದೆ. ಸೆಕ್ರೆಟರಿ ಸಾಹೇಬರು "ಸೆಕ್ಯುರಿಟಿಗೆ ಯಾರು ಹೊಣೆ?" ಅಂದರು. ನ್ಯಾಯವಾದ ಪ್ರಶ್ನೆ. ವಾದ ಮಾಡೋ ಬದಲು ರಾತ್ರಿ ಅವರನ್ನ ರಸ್ತೆಯಾಚೆ ಕರ್ಕೊಂಡು ಹೋದೆ. ವಾಚ್‌ಮನ್ ಕಾಕಾಗೆ ಗೇಟಿನ ಪಕ್ಕ ನಿಲ್ಲೋಕೆ ಹೇಳಿದ್ದೆ. "ಕಾಕಾ ಕಾಣ್ತಾರಾ?" ಕಾಣಲಿಲ್ಲ. "ಈಗ ಅಂಗೈ ಅಡ್ಡ ಹಿಡಿದು ಲೈಟು ಮಾತ್ರ ಮುಚ್ಚಿ ನೋಡಿ." ಕಾಕಾ ಕಂಡರು! ಕಳ್ಳ ನಿಂತಿದ್ದರೂ ಹೀಗೇ ತಾನೇ?

ಮಾರನೇ ದಿನ ಎಲೆಕ್ಟ್ರಿಷಿಯನ್ ಬಂದು ಗೇಟಿನ ಲೈಟನ್ನ ಕೆಳಗೆ ಬಾಗಿಸಿದ. ಖರ್ಚೇನೂ ಇಲ್ಲ, ಎರಡು ಬೋಲ್ಟು ಸಡಿಲ ಮಾಡಿ ಬಿಗಿ ಮಾಡಿದ್ದು ಅಷ್ಟೇ. ಕಾಂಪೌಂಡಿನ ಉಳಿದ ಐದು ಲೈಟು ಹಾಗೇ ಇವೆ, ಬಲ್ಬ್ ಬದಲಾಯಿಸೋದು ಮುಂದಿನ ಮೀಟಿಂಗಿಗೆ ಹೋಗಿದೆ. ಪುಣೆಯಲ್ಲಿ ಹಾಲುಹಾದಿ ಕಾಣುತ್ತೆ ಅಂತ ನಾನು ಹೇಳೋದಿಲ್ಲ. ಆದರೆ ಅಪ್ಪನಿಗೆ ಈಗ ಮೆಟ್ಟಿಲು ಕಾಣುತ್ತೆ.

ಇವತ್ತು ರಾತ್ರಿ ನಿಮ್ಮ ಗೇಟಿನ ಮುಂದೆ ನಿಂತು ಆ ಅಂಗೈ ಪರೀಕ್ಷೆ ಮಾಡಿ ನೋಡಿ. ಏನು ಕಂಡಿತು ಅಂತ ಕೆಳಗೆ ಬರೀರಿ. ಮತ್ತೆ ಸಿಗೋಣ.