ಹೆಸರು ತಿರುಗಿಸುವುದು ಬೇರೆ, ಪಟ್ಟಿ ತಿದ್ದುವುದು ಬೇರೆ

ಪ್ರಶ್ನೆ: ಲಿಸ್ಪ್ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ. ಒಂದು ಪಟ್ಟಿಯನ್ನು ಬದಲಿಸಿದರೆ ನಾನು ಮುಟ್ಟದ ಇನ್ನೊಂದು ಪಟ್ಟಿಯೂ ಬದಲಾಗುತ್ತದೆ. ಕೆಲವೊಮ್ಮೆ ಹಾಗಾಗುವುದಿಲ್ಲ. ಯಾಕೆ?
– ವಿದ್ಯಾರ್ಥಿನಿ, ಅರಸೀಕೆರೆ

ಉತ್ತರ: ಇದಕ್ಕೆ ನಿಮ್ಮೂರಿನ ಜಂಕ್ಷನ್ನೇ ಒಳ್ಳೆಯ ಉದಾಹರಣೆ. ಬೆಂಗಳೂರಿನಿಂದ ತಿಪಟೂರಿನ ಮೇಲೆ ಬರುವ ಹಳಿಯೂ ಮೈಸೂರಿನಿಂದ ಹಾಸನದ ಮೇಲೆ ಬರುವ ಹಳಿಯೂ ಅರಸೀಕೆರೆಯಲ್ಲಿ ಕೂಡುತ್ತವೆ. ಅಲ್ಲಿಂದ ಕಡೂರು, ಬೀರೂರಿನ ಕಡೆಗೆ ಎರಡಕ್ಕೂ ಒಂದೇ ದಾರಿ.

ಜಾನ್ ಮೆಕಾರ್ಥಿ 1958ರಲ್ಲಿ ರೂಪಿಸತೊಡಗಿದ ಲಿಸ್ಪ್‌ನಲ್ಲಿ ಪಟ್ಟಿಯೆಂದರೆ ಕೊಂಡಿಗಳ ಸಾಲು. ಪ್ರತಿ ಕೊಂಡಿಯಲ್ಲಿ ಎರಡು ಮನೆ: ಒಂದರಲ್ಲಿ ಮೌಲ್ಯ, ಇನ್ನೊಂದರಲ್ಲಿ ಮುಂದಿನ ಕೊಂಡಿಯ ವಿಳಾಸ. ‘ಲಿಸ್ಟ್’ ಬಳಸಿ (ಅರಸೀಕೆರೆ ಕಡೂರು ಬೀರೂರು) ಪಟ್ಟಿ ಮಾಡಿ, ‘ಬಾಲ’ ಎಂದು ಹೆಸರಿಡಿ. ‘ಕಾನ್ಸ್’ನಿಂದ ಅದರ ತಲೆಗೆ ತಿಪಟೂರು ಸೇರಿಸಿದರೆ ‘ಅ’ ಪಟ್ಟಿ, ಹಾಸನ ಸೇರಿಸಿದರೆ ‘ಬ’ ಪಟ್ಟಿ. ಕಾನ್ಸ್ ನಕಲು ಮಾಡುವುದಿಲ್ಲ. ಎರಡಕ್ಕೂ ಅದೇ ಬಾಲ.

ಈಗ ‘ಸೆಟ್‌ಕ್ಯೂ’ ಮೂಲಕ ‘ಬಾಲ’ಕ್ಕೆ ಬೇರೆ ಪಟ್ಟಿ ಕೊಡಿ. ಹೆಸರಿನ ಫಲಕ ಮಾತ್ರ ಬೇರೆಡೆಗೆ ತಿರುಗುತ್ತದೆ, ಹಳಿ ಅಲುಗುವುದಿಲ್ಲ. ‘ಅ’, ‘ಬ’ ಇದ್ದಂತೆಯೇ ಇರುತ್ತವೆ. ಅದರ ಬದಲು ‘ಸೆಟ್‌ಎಫ್’ ಮೂಲಕ ‘ಬಾಲ’ದ ಎರಡನೆಯ ಕೊಂಡಿಯ ಮೌಲ್ಯದ ಮನೆಯಲ್ಲಿ ಕಡೂರನ್ನು ಅಳಿಸಿ ದೇವನೂರು ಬರೆದರೆ ಕೊಂಡಿಯನ್ನೇ ತಿದ್ದಿದಂತೆ. ‘ಅ’, ‘ಬ’ ಎರಡರಲ್ಲೂ ದೇವನೂರು ಕಾಣುತ್ತದೆ.

ಪಟ್ಟಿಯನ್ನು ಕ್ರಮಕ್ಕೆ ತರುವ ‘ಸಾರ್ಟ್’, ಪಟ್ಟಿಗಳನ್ನು ಜೋಡಿಸುವ ‘ಎನ್‌ಕಾನ್ಕ್’ ಕೂಡ ಕೊಂಡಿಗಳನ್ನೇ ತಿದ್ದಬಲ್ಲವು. ಹಾಗಾಗಿ ಹಂಚಿಕೊಂಡ ಪಟ್ಟಿಗೆ ಕೈಹಾಕುವ ಮುನ್ನ ‘ಕಾಪಿ-ಲಿಸ್ಟ್’ನಿಂದ ನಕಲು ತೆಗೆದುಕೊಳ್ಳಿ. ಕಾಗದದ ಮೇಲೆ ಕೊಂಡಿಗಳ ಚಿತ್ರ ಬರೆದು ನೋಡಿ. ಗೊಂದಲ ಅಲ್ಲೇ ತಿಳಿಯಾಗುತ್ತದೆ.